ಟಾಟಾದ ಪೆಟ್ರೋಲ್ ಪಂಚ್‌ಗಿಂತ ಪಂಚ್ ಇವಿಗೆ ಇನ್ಶೂರೆನ್ಸ್ ಯಾಕೆ ಜಾಸ್ತಿ? ಕೋಟ್‌ಗಳನ್ನು ಹೇಗೆ ಹೋಲಿಸಬೇಕು?

ಇವಿಗೆ (ಎಲೆಕ್ಟ್ರಿಕ್ ಕಾರಿಗೆ) ಥರ್ಡ್ ಪಾರ್ಟಿ (ನಿಮ್ಮ ಕಾರಿನಿಂದ ಇತರರಿಗಾಗುವ ಹಾನಿಯ) ಪ್ರೀಮಿಯಂನಲ್ಲಿ 15% ರಿಯಾಯಿತಿ ಎಂದು ಕೇಳಿದ್ದೀರಿ, ಆದರೆ ಶೋರೂಮಿನವರ ಕೋಟ್ ಪೆಟ್ರೋಲ್ ಕಾರಿನದಕ್ಕಿಂತ ಹೆಚ್ಚು ಬಂದಿದೆ. ರಿಯಾಯಿತಿ ಇರುವುದು ನಿಜ. ಆದರೆ ಅದು ಆಯಾ ಸ್ಲ್ಯಾಬಿನ ದರಕ್ಕೆ ಸಿಗುವುದು. ನಿಮ್ಮ ಕಾರು ಯಾವ ಸ್ಲ್ಯಾಬಿಗೆ ಬೀಳುತ್ತದೆ ಎನ್ನುವುದರಲ್ಲೇ ಅರ್ಧ ಉತ್ತರವಿದೆ.

ಪೆಟ್ರೋಲ್ ಕಾರಿಗೆ ಸ್ಲ್ಯಾಬು ಸಿಸಿ ಮೇಲೆ, ಇವಿಗೆ ಮೋಟರಿನ ಕಿಲೋವ್ಯಾಟ್ ಮೇಲೆ. ಬ್ಯಾಟರಿಯ ಕಿಲೋವ್ಯಾಟ್-ಅವರ್ ಮೇಲಲ್ಲ. ಇವೆರಡನ್ನು ಸೇಲ್ಸ್‌ನವರೂ ಅದಲುಬದಲು ಮಾಡುತ್ತಾರೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ ಇವಿಗೆ ವರ್ಷದ ಥರ್ಡ್ ಪಾರ್ಟಿ ದರ 30 ಕಿಲೋವ್ಯಾಟ್ ವರೆಗೆ ₹1,780, 30ರಿಂದ 65ಕ್ಕೆ ₹2,904, 65 ದಾಟಿದರೆ ₹6,712. ಹೊಸ ಕಾರಿಗೆ ಮೂರು ವರ್ಷದ್ದನ್ನು ಒಟ್ಟಿಗೇ ಕಟ್ಟಬೇಕು: ಅದೇ ಕ್ರಮದಲ್ಲಿ ₹5,543, ₹9,044, ₹20,907. ಎಲ್ಲಕ್ಕೂ ಮೇಲೆ 18% ಜಿಎಸ್‌ಟಿ.

ಈಗ 2024ರಲ್ಲಿ ಬಂದ ಪಂಚ್ ಇವಿ ನೋಡಿ. 25 ಕಿಲೋವ್ಯಾಟ್-ಅವರ್ ಬ್ಯಾಟರಿಯದಕ್ಕೆ 60 ಕಿಲೋವ್ಯಾಟ್ ಮೋಟರ್, 35ರದ್ದಕ್ಕೆ 90. ಚಿಕ್ಕದು ₹9,044ರ ಸ್ಲ್ಯಾಬಿನಲ್ಲಿ, ದೊಡ್ಡದು ₹20,907ರದ್ದರಲ್ಲಿ. 1,199 ಸಿಸಿಯ ಪೆಟ್ರೋಲ್ ಪಂಚ್‌ಗೆ ಮೂರು ವರ್ಷಕ್ಕೆ ₹10,640. ಅಂದರೆ ಚಿಕ್ಕ ಇವಿ ಪೆಟ್ರೋಲಿಗಿಂತ ಅಗ್ಗ, ದೊಡ್ಡದಕ್ಕೆ ಹೆಚ್ಚುಕಡಿಮೆ ಎರಡು ಪಟ್ಟು. ಬ್ರೋಷರಿನಲ್ಲಿ ಪವರ್ ಪಿಎಸ್‌ನಲ್ಲಿ (ಅಶ್ವಶಕ್ತಿಯ ಒಂದು ಅಳತೆ) ಇದ್ದರೆ 0.7355ರಿಂದ ಗುಣಿಸಿ, ಸುಮಾರು 88 ಪಿಎಸ್ ದಾಟಿತೆಂದರೆ ಮೇಲಿನ ಸ್ಲ್ಯಾಬು. ಈ ದರ ಎಲ್ಲ ಕಂಪನಿಗಳಲ್ಲೂ ಒಂದೇ, ಆದ್ದರಿಂದ ಇಲ್ಲಿ ಚೌಕಾಸಿಗೆ ಜಾಗವಿಲ್ಲ.

ಚೌಕಾಸಿ ನಡೆಯುವುದು ಓನ್ ಡ್ಯಾಮೇಜ್ (ನಿಮ್ಮದೇ ಕಾರಿಗಾಗುವ ಹಾನಿಯ) ಭಾಗದಲ್ಲಿ. 2007ರಿಂದ ಅದರ ಬೆಲೆ ಕಂಪನಿಗಳ ಕೈಯಲ್ಲಿದೆ. ಇವಿಯ ಎಕ್ಸ್-ಶೋರೂಮ್ ಬೆಲೆ ಹೆಚ್ಚು, ಹಾಗಾಗಿ ಐಡಿವಿ (ಕಾರು ಕಳುವಾದರೆ ಅಥವಾ ಪೂರ್ತಿ ಹಾಳಾದರೆ ಕಂಪನಿ ಕೊಡುವ ಗರಿಷ್ಠ ಮೊತ್ತ) ಹೆಚ್ಚು, ಅದರ ಹಿಂದೆಯೇ ಪ್ರೀಮಿಯಂ ಕೂಡ. ಜೊತೆಗೆ ಬ್ಯಾಟರಿ ಕಾರಿನ ತಳದಲ್ಲಿ ಕೂತಿರುತ್ತದೆ. ರಸ್ತೆ ಉಬ್ಬಿಗೋ ಕಲ್ಲಿಗೋ ಕೇಸಿಂಗ್ ಒಡೆದರೆ ಇಡೀ ಪ್ಯಾಕ್ ಬದಲಿಸಬೇಕಾಗಿ ಬರಬಹುದು, ಅದೇ ಕಾರಿನ ಅತಿ ದುಬಾರಿ ಭಾಗ.

ಇಲ್ಲಿ ಕೋಟಿನ ಕೊನೆಯ ಮೊತ್ತ ನೋಡಿ ಹೋಲಿಸುವುದು ದೊಡ್ಡ ತಪ್ಪು. ಐಡಿವಿಯನ್ನು ₹1 ಲಕ್ಷ ಇಳಿಸಿ ಅಗ್ಗದ ಕೋಟ್ ತೋರಿಸುವುದು ತುಂಬ ಸುಲಭ. ಕಾರು ಕಳುವಾದರೆ ಅಷ್ಟೂ ನಿಮ್ಮ ನಷ್ಟ. ಆರು ತಿಂಗಳೊಳಗಿನ ಕಾರಿಗೆ ಪಟ್ಟಿ ಬೆಲೆಯಿಂದ 5% ಕಳೆದದ್ದು ಐಡಿವಿ. ಮೂರು ಕಂಪನಿಗಳಿಗೆ ಅದೇ ಅಂಕಿ, ಅದೇ ವಾಲಂಟರಿ ಡಿಡಕ್ಟಿಬಲ್ (ಕ್ಲೇಮಿನಲ್ಲಿ ನೀವೇ ಭರಿಸಲು ಒಪ್ಪುವ ಮೊತ್ತ, ನಾನಾದರೆ ಸೊನ್ನೆ), ಅದೇ ಆಡ್-ಆನ್ (ಹೆಚ್ಚುವರಿ ರಕ್ಷಣೆ) ಹಾಕಿ ಕೋಟ್ ತೆಗೆಯಿರಿ. ಬ್ಯಾಟರಿ ಬಾಡಿಗೆ ಯೋಜನೆಯಲ್ಲಿ ಕಾರು ಕೊಳ್ಳುವುದಾದರೆ ಐಡಿವಿಯಲ್ಲಿ ಬ್ಯಾಟರಿ ಸೇರಿದೆಯೇ ಎಂದು ಬರಹದಲ್ಲೇ ಕೇಳಿ.

ಆಡ್-ಆನ್‌ಗಳಲ್ಲಿ ಜೀರೋ ಡೆಪ್ (ಬಿಡಿಭಾಗಗಳ ಸವಕಳಿಗೆಂದು ಹಣ ಕಡಿತ ಮಾಡದ ರಕ್ಷಣೆ) ಬಿಡಬೇಡಿ. ಮಾಮೂಲಿ ಪಾಲಿಸಿಯಲ್ಲಿ ಪ್ಲಾಸ್ಟಿಕ್, ಟೈರು, ಬ್ಯಾಟರಿಗೆ 50% ಕಡಿತವಿರುತ್ತದೆ. ಆದರೆ ಕೆಲವು ಜೀರೋ ಡೆಪ್ ಕರಾರುಗಳೇ ಬ್ಯಾಟರಿಯನ್ನು ಹೊರಗಿಡುತ್ತವೆ, ಆ ಸಾಲನ್ನು ಹುಡುಕಿ ಓದಿ. ಎರಡನೆಯದು ಬ್ಯಾಟರಿ ಮತ್ತು ಮೋಟರ್ ರಕ್ಷಣೆ. ನೀರು ನುಗ್ಗುವುದು, ಚಾರ್ಜ್ ಆಗುವಾಗ ವೋಲ್ಟೇಜ್ ಏರಿಳಿತ, ಶಾರ್ಟ್ ಸರ್ಕಿಟ್ ಮೂರೂ ಅದರಲ್ಲಿ ಬರೆದಿರಬೇಕು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಯಮಲೂರು, ಬೆಳ್ಳಂದೂರಿನ ಕಡೆ ನೀರು ನಿಂತದ್ದನ್ನು ನೆನೆದರೆ, ಬೇಸ್‌ಮೆಂಟಿನಲ್ಲಿ ಕಾರು ನಿಲ್ಲಿಸುವವರಿಗೆ ಇದು ಬೇಕೇ ಬೇಕು. ಕಾರು ಮುಳುಗಿದ್ದರೆ ಆನ್ ಮಾಡಬೇಡಿ, ಚಾರ್ಜಿಗೂ ಹಾಕಬೇಡಿ. ಹಾಗೆ ಮಾಡಿದ್ದರಿಂದ ಆಗುವ ಹಾನಿಗೆ ಕಂಪನಿ ಹಣ ಕೊಡದಿರಬಹುದು. ಗೋಡೆಯ ಚಾರ್ಜರ್ ಮತ್ತು ಕೇಬಲ್ ಪಾಲಿಸಿಯಲ್ಲಿ ಸೇರಿವೆಯೇ, ರಸ್ತೆ ನೆರವಿನಲ್ಲಿ ಫ್ಲಾಟ್‌ಬೆಡ್ (ಕಾರನ್ನು ಮೇಲೆ ಹೊತ್ತೊಯ್ಯುವ ಲಾರಿ) ಇದೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಿ. ಬಳಸುತ್ತ ಬ್ಯಾಟರಿಯ ರೇಂಜ್ ಕುಗ್ಗುವುದಕ್ಕೆ ಯಾವ ಇನ್ಶೂರೆನ್ಸೂ ಇಲ್ಲ, ಅದು ತಯಾರಕರ ವಾರಂಟಿಯ ವಿಷಯ.

ಶೋರೂಮಿನಲ್ಲೇ ಪಾಲಿಸಿ ಮಾಡಿಸಬೇಕೆಂಬ ಕಡ್ಡಾಯವಿಲ್ಲ. ಹೊರಗಿನದು ಕೊಳ್ಳುವ ಮುನ್ನ ನಿಮ್ಮ ಊರಿನ ಅಧಿಕೃತ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ, ಆ ಕಂಪನಿಯ ಕ್ಯಾಶ್‌ಲೆಸ್ ಇವಿಗೂ ನಡೆಯುತ್ತದೆಯೇ ಎಂದು ಕೇಳಿ.

ಹಳೆಯ ಪೆಟ್ರೋಲ್ ಕಾರನ್ನು ಮಾರುವುದಿದ್ದರೆ ಅದರ ಎನ್‌ಸಿಬಿಯನ್ನು (ಕ್ಲೇಮ್ ಮಾಡದಿದ್ದುದಕ್ಕೆ ಸಿಗುವ ರಿಯಾಯಿತಿ) ಖಂಡಿತ ಉಳಿಸಿಕೊಳ್ಳಿ. ಅದು ಕಾರಿನದಲ್ಲ, ನಿಮ್ಮದು. ಮಾರಾಟದ ದಾಖಲೆ ಕೊಟ್ಟು ಹಳೆಯ ಕಂಪನಿಯಿಂದ ಎನ್‌ಸಿಬಿ ರಿಸರ್ವೇಷನ್ ಪತ್ರ ಪಡೆದರೆ ಮೂರು ವರ್ಷದೊಳಗೆ ಹೊಸ ಇವಿಗೆ ಹಾಕಿಸಬಹುದು. ಐದು ವರ್ಷ ಕ್ಲೇಮ್ ಇಲ್ಲದಿದ್ದರೆ ಅದು 50%. ಓನ್ ಡ್ಯಾಮೇಜ್ ಪ್ರೀಮಿಯಂ ಮೇಲಷ್ಟೇ ಕಳೆಯುತ್ತಾರೆ, ಥರ್ಡ್ ಪಾರ್ಟಿಗೆ ಅನ್ವಯಿಸುವುದಿಲ್ಲ.