ಸೂಜಿ ಮುರಿದರೆ ಬಂದು ಹೇಳುತ್ತಾರಾ?

ಪ್ರಶ್ನೆ: ದೊಡ್ಡಬಳ್ಳಾಪುರದ ಒಂದು ಗಾರ್ಮೆಂಟ್ಸ್‌ನಲ್ಲಿ ಆರು ತಿಂಗಳಿಂದ ಫ್ಲೋರ್ ಇನ್‌ಚಾರ್ಜ್ ಆಗಿದ್ದೇನೆ. ವಯಸ್ಸು 29. ಮೂರು ಲೈನು, 130 ಜನ, ಹೆಚ್ಚಿನವರು ಹೆಣ್ಣುಮಕ್ಕಳು. ತಿಂಗಳಿಗೆ ಹತ್ತು ಹನ್ನೆರಡು ಮಂದಿ ಹೇಳದೆ ಕೇಳದೆ ಬಿಟ್ಟುಹೋಗುತ್ತಾರೆ. ಎಚ್‌ಆರ್‌ನವರು ಹುಟ್ಟುಹಬ್ಬಕ್ಕೆ ಕೇಕ್ ತರಿಸಿದರು, ರಂಗೋಲಿ ಸ್ಪರ್ಧೆ ಇಟ್ಟರು, ‘ನಾವೆಲ್ಲ ಒಂದೇ ಕುಟುಂಬ’ ಅಂತ ಗೋಡೆಗೆ ಬೋರ್ಡ್ ಹಾಕಿದರು. ಏನೂ ಬದಲಾಗಲಿಲ್ಲ. ಜನ ನಮ್ಮದು ಅಂದುಕೊಂಡು ಕೆಲಸ ಮಾಡಬೇಕಾದರೆ ಏನು ಮಾಡಲಿ ಮೇಡಂ?
– ಹೆಸರು ಬೇಡ, ದೊಡ್ಡಬಳ್ಳಾಪುರ

ಉತ್ತರ: ಕೇಕ್ ಮೇಲೆ ನನಗೇನೂ ಸಿಟ್ಟಿಲ್ಲ ತಮ್ಮಾ, ಕೊಟ್ಟರೆ ನಾನೂ ತಿನ್ನುತ್ತೇನೆ. ಆದರೆ ಒಂದು ಮಾತು ಕೇಳುತ್ತೇನೆ: ನಿಮ್ಮ ಲೈನಿನಲ್ಲಿ ಸೂಜಿ ಮುರಿದರೆ ಟೈಲರ್ ಏನು ಮಾಡುತ್ತಾಳೆ?

ನಿಯಮ ನಿಮಗೆ ಗೊತ್ತಿರುವುದೇ. ಮುರಿದ ಚೂರೆಲ್ಲ ಹುಡುಕಿ, ರಿಜಿಸ್ಟರ್‌ನಲ್ಲಿ ಅಂಟಿಸಿ, ಸಹಿ ಹಾಕಿದ ಮೇಲೇ ಹೊಸ ಸೂಜಿ. ಒಂದು ಚೂರು ಸಿಗಲಿಲ್ಲವೋ, ಆ ಮಿಷಿನ್ ಸುತ್ತಲಿನ ಪೀಸೆಲ್ಲ ಪಕ್ಕಕ್ಕಿಟ್ಟು ಮೆಟಲ್ ಡಿಟೆಕ್ಟರ್‌ಗೆ ಹಾಕಬೇಕು. ಹತ್ತು ನಿಮಿಷ ಹೋಗುತ್ತದೆ. ಆ ಹತ್ತು ನಿಮಿಷಕ್ಕೆ ಸೂಪರ್‌ವೈಸರ್ ಬಾಯಿಗೆ ಬಂದಂತೆ ಬೈದರೆ, ಮುಂದಿನ ಸಲ ಅವಳು ಪಕ್ಕದವಳು ಬಚ್ಚಿಟ್ಟ ಸೂಜಿ ಇಸಿದುಕೊಂಡು ಸುಮ್ಮನೆ ಹೊಲಿಯುತ್ತಾಳೆ. ಬೇರೆಯವರ ಮಾತೇಕೆ, ನಾನೇ ಮಾಡಿದ್ದೇನೆ. ಹೆಲ್ಪರ್ ಆಗಿ ಸೇರಿ ಕಾಲರ್ ಹಚ್ಚಲು ಕಲಿತ ಹೊಸದರಲ್ಲಿ, ಮುರಿದ ಚೂರನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಎರಡು ಸಲ ಮನೆಗೆ ಒಯ್ದಿದ್ದೆ. ಆ ಲಾಟು ಮಕ್ಕಳ ಅಂಗಿಯದು. ಒಂದು ಚೂರು ಸಿಗದೇ ಅಂಗಿಯಲ್ಲೇ ಉಳಿದುಹೋಗಿದ್ದರೆ? ಈಗಲೂ ನೆನೆದರೆ ಮೈ ಜುಂ ಅನ್ನುತ್ತದೆ.

ಹೆದರಿದವರು ಸೂಜಿಯನ್ನಷ್ಟೇ ಮುಚ್ಚಿಡುವುದಿಲ್ಲ. 2016ರಲ್ಲಿ ನೀವಿನ್ನೂ ಕಾಲೇಜಿನಲ್ಲಿದ್ದಿರೇನೋ. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವ ತನಕ ತೆಗೆಯುವ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ಫೆಬ್ರವರಿಯಲ್ಲೇ ಆದೇಶ ಮಾಡಿತ್ತು. ಏಪ್ರಿಲ್ 18ಕ್ಕೆ ಗಾರ್ಮೆಂಟ್ಸ್ ಹೆಂಗಸರು ಸಾವಿರಗಟ್ಟಲೆ ಬೆಂಗಳೂರಿನ ಹೊಸೂರು ರಸ್ತೆಗೆ ಇಳಿದರು. ಮರುದಿನ ಆದೇಶ ವಾಪಸಾಯಿತು. ನಾನಾಗ ಫ್ಲೋರಿನಲ್ಲೇ ಇದ್ದೆ. ಮಗಳ ಮದುವೆಗೆ, ಮನೆ ಲೀಸಿಗೆ ಅಂತ ಅವರು ಲೆಕ್ಕ ಹಾಕಿಟ್ಟ ದುಡ್ಡು ಅದು. ದಿನಾ ಪಕ್ಕದಲ್ಲೇ ಓಡಾಡುತ್ತಿದ್ದ ನಮಗೆ ಅವರ ಸಂಕಟ ತಿಳಿದದ್ದು ಮಿಷಿನ್ ನಿಂತ ಮೇಲೆ. ಅಷ್ಟು ದಿನ ಒಬ್ಬಳೂ ಬಂದು ನನ್ನನ್ನು ಕೇಳಿರಲಿಲ್ಲ. ಕೇಳಿದರೆ ‘ಮೊದಲು ಟಾರ್ಗೆಟ್ ನೋಡು’ ಅಂತಿದ್ದೆವಲ್ಲ, ಯಾಕೆ ಕೇಳಿಯಾರು?

ಬಿಟ್ಟುಹೋಗುವವರ ವಿಷಯಕ್ಕೆ ಬರೋಣ. ‘ಸಾರ್, ಮಗಳ ಸ್ಕೂಲಲ್ಲಿ ಮೀಟಿಂಗು, ಹನ್ನೊಂದಕ್ಕೆಲ್ಲ ಬಂದ್ಬಿಡ್ತೀನಿ’ ಅಂದರೆ ಪಾಸ್ ಬರೆದುಕೊಡಿ. ಕೊಡದಿದ್ದರೂ ಅವಳು ಹೋಗೇ ಹೋಗುತ್ತಾಳೆ. ಬಂದು ಬೈಸಿಕೊಳ್ಳುವುದ್ಯಾಕೆ ಅಂತ ಇಡೀ ದಿನ ಚಕ್ಕರ್ ಹೊಡೆಯುತ್ತಾಳೆ, ಮರುದಿನ ಮುಖ ತೋರಿಸಲು ಹೆದರುತ್ತಾಳೆ, ಮೂರನೇ ದಿನ ಎದುರಿನ ಫ್ಯಾಕ್ಟರಿ ಗೇಟಿನಲ್ಲಿ ನಿಂತಿರುತ್ತಾಳೆ. ನಾನು ಕಂಡಂತೆ ಹೇಳದೆ ಹೋಗುವವರಲ್ಲಿ ಬಹಳ ಜನರ ಕಥೆ ಇಷ್ಟೇ.

ಟಾಯ್ಲೆಟ್ಟಿಗೆ ಹೋಗಲು ಟೋಕನ್ ಇಸಿದುಕೊಳ್ಳಬೇಕು ಅಂತ ಇಟ್ಟಿದ್ದರೆ ಇವತ್ತೇ ತೆಗೆಸಿ. ಅದರ ಬಗ್ಗೆ ಚರ್ಚೆಯೇ ಬೇಡ.

ಹೊಸ ಸ್ಟೈಲ್, ಅಂದರೆ ಹೊಸ ಮಾದರಿಯ ಬಟ್ಟೆ, ಲೈನಿಗೆ ಬಂದ ಮೊದಲ ಎರಡು ದಿನ ಪೀಸು ಕಡಿಮೆ ಬರುತ್ತದೆ. ಕೈ ಕೂರಬೇಕಲ್ಲ. ಅಷ್ಟು ದಿನ ಗಂಟೆ ಗಂಟೆಗೆ ಪೀಸಿನ ಲೆಕ್ಕದ ಬೋರ್ಡ್ ಮುಂದೆ ನಿಂತು ಕೂಗಾಡಬೇಡಿ ಅಂತ ಸೂಪರ್‌ವೈಸರ್‌ಗಳಿಗೆ ಹೇಳಿ. ಪಾಪ, ಅವರಿಗೂ ಮೇಲಿಂದ ಬೈಗುಳ ಬೀಳುತ್ತದೆ. ಅದನ್ನು ನೀವು ತಡೆದುಕೊಂಡರೆ ಮಾತ್ರ ಅವರ ಬಾಯಿ ತಣ್ಣಗಾಗುವುದು. ಸಂಬಳದ ದಿನ ಟೈಮ್ ಆಫೀಸ್ ಹೊರಗೆ ಕುರ್ಚಿ ಹಾಕಿಕೊಂಡು ಒಂದು ಗಂಟೆ ಕೂತಿರಿ. ‘ಓಟಿ ಯಾಕೆ ಕಮ್ಮಿ ಬಂತು’, ‘ಇಎಸ್‌ಐ ಅಂತ ಯಾಕೆ ಹಿಡಿದರು’ ಅಂತ ಕೇಳಲು ಬರುತ್ತಾರೆ. ಮೊದಲ ತಿಂಗಳು ಯಾರೂ ಬರಲಿಕ್ಕಿಲ್ಲ, ಆದರೂ ಕೂತಿರಿ.

ಸಂಬಳ ನಿಮ್ಮ ಕೈಯಲ್ಲಿಲ್ಲ. ಪಕ್ಕದವರು ಐನೂರು ಜಾಸ್ತಿ ಕೊಟ್ಟರೆ ಕೆಲವರು ಹೋಗುತ್ತಾರೆ. ಅವರನ್ನು ಬೈದು ಕಳಿಸಬೇಡಿ.

ನಾಳೆ ಮೊದಲು ಸೂಜಿ ರಿಜಿಸ್ಟರ್ ತರಿಸಿ ನೋಡಿ. 130 ಜನ ಹೊಲಿಯುವ ಕಡೆ ತಿಂಗಳಿಡೀ ಒಂದೂ ಸೂಜಿ ಮುರಿದಿಲ್ಲ ಅಂತ ಇದ್ದರೆ ಖುಷಿಪಡಬೇಡಿ. ಏನಿತ್ತು ಅಂತ ನನಗೆ ಬರೆಯಿರಿ.