'ಬ್ಯಾಕ್ ಅಪ್' ಎಂದರೆ ಬೆಂಬಲವೇ, ನಕಲೇ?

ಪುಣೆ ಆಫೀಸಿನ ನಿಮ್ಮ ಮ್ಯಾನೇಜರ್ 'ಮೀಟಿಂಗ್‌ನಲ್ಲಿ ಐ ವಿಲ್ ಬ್ಯಾಕ್ ಯೂ ಅಪ್' ಎಂದರು, ಇದು ಡೇಟಾ ನಕಲು ಮಾಡಿಡುವ ಮಾತೇ ಎಂದು ಕೇಳಿದ್ದೀರಿ. ಇದರಲ್ಲಿ ಡೇಟಾದ ಮಾತೇನಿಲ್ಲ. 'ನೀವು ಹೇಳಿದ್ದು ನಿಜವೆಂದು ನಾನೂ ಹೇಳುತ್ತೇನೆ, ಬೆನ್ನಿಗಿರುತ್ತೇನೆ' ಎಂದರ್ಥ. ಅಲ್ಲಿ ಕಿವಿಗೆ ಬೀಳುವ ಮರಾಠಿಯ 'ಪಾಠಿಂಬಾ' ನೆನೆಯಿರಿ. ನಮ್ಮ ಬೆಂಬಲದಂತೆ ಅದರಲ್ಲೂ ಬೆನ್ನಿದೆ.

ಎಡವುವುದು ಸರ್ವನಾಮದಲ್ಲಿ. ಮಿ, ಯೂ, ಹಿಮ್ ನಡುವೆಯೇ ಬರಬೇಕು: 'ಬ್ಯಾಕ್ ಮಿ ಅಪ್' ಸರಿ, 'ಬ್ಯಾಕ್ ಅಪ್ ಮಿ' ತಪ್ಪು. ಹೆಸರಾದರೆ ಎರಡೂ ನಡೆಯುತ್ತದೆ: 'ಬ್ಯಾಕ್ ಅಪ್ ಸುಧಾ', 'ಬ್ಯಾಕ್ ಸುಧಾ ಅಪ್'. ಮಾತಿಗೆ ಆಧಾರ ಕೊಡುವಾಗ 'ವಿತ್' ಸೇರಿಸಿ: 'ಬ್ಯಾಕ್ ಅಪ್ ಯುವರ್ ಕ್ಲೇಮ್ ವಿತ್ ಫಿಗರ್ಸ್'.

ಬರೆಯುವಾಗ ಕ್ರಿಯಾಪದವಾದರೆ ಎರಡು ಪದ, ನಾಮಪದವಾದರೆ ಒಂದೇ. ಬಹಳ ಮಂದಿ ಇದನ್ನು ಮರೆಯುತ್ತಾರೆ. ಒಪ್ಪಿಕೊಂಡು ಕೊನೆಗೆ ಕೈಕೊಟ್ಟರೆ ಅದು 'ಬ್ಯಾಕ್ ಔಟ್'.