ಕೇಳಿ ಕೊಡಿಸಿಕೊಂಡದ್ದು ದಾನವಾ?

ಗಂಗಾವತಿಯ ಓದುಗರೊಬ್ಬರ ಪತ್ರ: "ನಾನು ಹೊರದೇಶಕ್ಕೆ ಸೋನಾ ಮಸೂರಿ ಕಳಿಸುವ ವ್ಯಾಪಾರಿ. ಅಲ್ಲಿನ ಬಂದರಿನ ಅಧಿಕಾರಿ ತಮ್ಮ ಟ್ರಸ್ಟಿನ ಶಾಲೆಗೆ ದೇಣಿಗೆ ಕೇಳಿದರು, ಕೊಟ್ಟೆ. ಈಗ ನಮ್ಮ ಕಂಟೇನರ್ ಬೇಗ ಬಿಡುಗಡೆ ಆಗ್ತಿವೆ. ರಸೀದಿ ಇದೆ, ಮಕ್ಕಳಿಗೆ ಕೋಣೆಯೂ ಆಯಿತು. ನಮ್ಮ ಅಳಿಯಂದಿರು ಇದು ಲಂಚ ಅಂತಾರೆ. ದಾನ ದಾನವೇ ಅಲ್ವಾ?"

ಸಂಪಾದಕರ ಉತ್ತರ:

ಸಾವ್ಕಾರ್ರೇ, ಮುಚ್ಚಿಡದೆ ಬರೆದಿದ್ದೀರಿ. ಅದು ದೊಡ್ಡ ಗುಣ. ಆದರೂ ನಾನು ನಿಮ್ಮ ಅಳಿಯಂದಿರ ಕಡೆಯವನು.

ಕೋಣೆ ನಿಜ, ಅದರಲ್ಲಿ ಕೂತ ಮಕ್ಕಳು ನಿಜ. ವ್ಯಾಪಾರಸ್ಥರು ದಾನವನ್ನೇ ಮಾಡಬಾರದು ಅಂತ ಯಾವ ಕಾನೂನೂ ಹೇಳುವುದಿಲ್ಲ. 2009ರ ನೆರೆಯಲ್ಲಿ ರಾಯಚೂರು ಜಿಲ್ಲೆಯ ಹಳ್ಳಿಗಳು ಮುಳುಗಿದಾಗ ಕೈಬಿಚ್ಚಿ ಕೊಟ್ಟವರನ್ನು ಮರೆಯಲಾದೀತೇ? ಸರಿ, ಅಷ್ಟು ಒಪ್ಪಿದೆ.

ಈಗ ಪೋಲೆಂಡಿನ ಒಂದು ಕಥೆ ಕೇಳಿ. ಅಲ್ಲಿನ ಸೈಲೇಷಿಯಾ ಪ್ರಾಂತ್ಯದಲ್ಲಿ ಹಳೇ ಕೋಟೆಗಳನ್ನು ದುರಸ್ತಿ ಮಾಡಿಸುವ ಒಂದು ಪ್ರತಿಷ್ಠಾನ ಇತ್ತು. ಸುಳ್ಳು ಸಂಸ್ಥೆ ಅಲ್ಲ, ನಿಜವಾಗಿ ಕೆಲಸ ಮಾಡುತ್ತಿತ್ತು. ಶೆರಿಂಗ್-ಪ್ಲೌ ಅನ್ನುವ ಅಮೆರಿಕದ ಔಷಧ ಕಂಪನಿಯ ಅಲ್ಲಿನ ಶಾಖೆ ಅದಕ್ಕೆ 1999ರಿಂದ 2002ರವರೆಗೆ ಸುಮಾರು 76,000 ಡಾಲರ್ ಕೊಟ್ಟಿತು. ಔಷಧ ಮಾರುವವರಿಗೆ ಕೋಟೆಯ ಮೇಲೆ ಯಾಕೆ ಇಷ್ಟು ಪ್ರೀತಿ? ಪ್ರತಿಷ್ಠಾನದ ಅಧ್ಯಕ್ಷರೇ ಆ ಪ್ರಾಂತ್ಯದ ಸರ್ಕಾರಿ ಆರೋಗ್ಯ ನಿಧಿಯ ನಿರ್ದೇಶಕರು! ಯಾವ ಔಷಧ ಕೊಳ್ಳಬೇಕು ಅನ್ನುವುದರಲ್ಲಿ ಅವರ ಮಾತು ನಡೆಯುತ್ತಿತ್ತು.

2004ರಲ್ಲಿ ಅಮೆರಿಕದ ಷೇರುಪೇಟೆ ಆಯೋಗ ಕಂಪನಿಯಿಂದ 5 ಲಕ್ಷ ಡಾಲರ್ ದಂಡ ಕಟ್ಟಿಸಿಕೊಂಡಿತು. ಇಲ್ಲೊಂದು ಸೂಕ್ಷ್ಮ ಇದೆ, ಗಮನಿಸಿ. ದುಡ್ಡು ಅಧಿಕಾರಿಯ ಜೇಬಿಗೆ ಹೋಯಿತು ಅಂತ ಯಾರೂ ಸಾಬೀತು ಮಾಡಲಿಲ್ಲ. ಲೆಕ್ಕದ ಪುಸ್ತಕದಲ್ಲಿ ಅದನ್ನು ದಾನ ಅಂತ ತೋರಿಸಿದ್ದೇ ತಪ್ಪಾಯಿತು. 2012ರಲ್ಲಿ ಎಲಿ ಲಿಲ್ಲಿ ಎಂಬ ಇನ್ನೊಂದು ಕಂಪನಿ ದಂಡ ಕಟ್ಟಿತು. ಅದರ ಮೇಲಿದ್ದ ಆರೋಪಗಳಲ್ಲಿ ಇದೇ ಪ್ರತಿಷ್ಠಾನಕ್ಕೆ ಕೊಟ್ಟ ದೇಣಿಗೆಯೂ ಒಂದು. ನಿಮ್ಮ ರಸೀದಿಯ ಮೇಲೆ ನೀವು ಇಟ್ಟಿರುವ ನಂಬಿಕೆ ಜಾಸ್ತಿಯಾಯಿತು ಅನ್ನಿಸುವುದು ಇದಕ್ಕೇ.

ದಾನ ಕೊಡುವ ಮುಂಚೆ ಅಮೆರಿಕದ ಕಂಪನಿಗಳು ಕೇಳಿಕೊಳ್ಳಬೇಕಾದ ಪ್ರಶ್ನೆಗಳನ್ನು ಅಲ್ಲಿನ ಸರ್ಕಾರವೇ ಅಚ್ಚು ಹಾಕಿಸಿದೆ. ಕೇಳಿದವನು ಅಧಿಕಾರಿಯಾ? ಆ ಸಂಸ್ಥೆಗೂ ಅವನಿಗೂ ಸಂಬಂಧ ಇದೆಯಾ? ಕೊಟ್ಟರೆ ಮಾತ್ರ ನಿಮ್ಮ ಕೆಲಸ ಆಗುತ್ತದಾ? ಮೊದಲಿನ ಎರಡಕ್ಕೆ ನಿಮ್ಮ ಪತ್ರದಲ್ಲೇ ಉತ್ತರ ಇದೆ. ಮೂರನೆಯದಕ್ಕೆ ಕಂಟೇನರ್ ಉತ್ತರ ಹೇಳುತ್ತಿದೆ.

ನಮ್ಮಲ್ಲಿ? 1988ರ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಕಂಪನಿಗಳನ್ನೂ ಸೇರಿಸಿದರು. ಆದರೆ ಅದು ನಮ್ಮ ದೇಶದ ಅಧಿಕಾರಿಗಳಿಗೆ ಕೊಡುವ ಲಂಚದ ಮಾತು. ಹೊರದೇಶದ ಅಧಿಕಾರಿಗೆ ಲಂಚ ಕೊಡುವುದನ್ನು ತಡೆಯಲು 2011ರಲ್ಲಿ ಮಸೂದೆ ಬಂತು. ಲೋಕಸಭೆಯ ಅವಧಿ ಮುಗಿಯಿತು, ಮಸೂದೆಯೂ ಹೋಯಿತು. ಮಸೂದೆ ಬಂದ ಆ 2011ರಲ್ಲೇ ವಿಶ್ವಸಂಸ್ಥೆಯ ಭ್ರಷ್ಟಾಚಾರ ವಿರೋಧಿ ಒಪ್ಪಂದವನ್ನು ನಾವು ಅನುಮೋದಿಸಿದ್ದೆವು! ಕಂಪನಿಗಳು ಸಮಾಜಕ್ಕಾಗಿ ಮಾಡಬೇಕಾದ ಖರ್ಚಿನ ನಿಯಮ, ಅಂದರೆ ಸಿಎಸ್‌ಆರ್ ನಿಯಮ, ಮಾತ್ರ ಸ್ವಲ್ಪ ಬಿಗಿಯಾಗಿದೆ: ದೇಶದ ಹೊರಗೆ ಮಾಡಿದ ಖರ್ಚನ್ನು, ಮಾಲಿನ ಪ್ರಚಾರಕ್ಕೆ ಕೊಟ್ಟ ಪ್ರಾಯೋಜಕತ್ವವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಂದರೆ ಹೊರಗಿನ ಬಂದರಿನಲ್ಲಿ ನೀವು ಏನು ಮಾಡಿದರೂ ಇಲ್ಲಿ ಕೇಳುವವರು ಕಡಿಮೆ. ಆ ದೇಶದ ಕಾನೂನು ಕೇಳಬಹುದು, ಅದು ಬೇರೆ.

ಬಳ್ಳಾರಿ ಸೀಮೆಯವರಾದ ನಮಗೆ ಇದು ದೂರದ ವಿಷಯವೇ ಅಲ್ಲ. ಗಣಿ ಗಲಾಟೆಯ ಕಾಲದಲ್ಲಿ ಕಂಪನಿಯೊಂದು ರಾಜಕೀಯ ಕುಟುಂಬದ ಟ್ರಸ್ಟಿಗೆ ಕೊಟ್ಟ ದೇಣಿಗೆಯನ್ನು 2012ರಲ್ಲಿ ಸುಪ್ರೀಂ ಕೋರ್ಟ್ ಸಿಬಿಐ ತನಿಖೆಗೆ ಒಪ್ಪಿಸಿತ್ತು. 2016ರಲ್ಲಿ ವಿಶೇಷ ನ್ಯಾಯಾಲಯ ಎಲ್ಲರನ್ನೂ ಖುಲಾಸೆ ಮಾಡಿತು. ತೀರ್ಪು ತೀರ್ಪೇ, ಅದರ ಮೇಲೆ ನಾನು ಮಾತಾಡುವುದಿಲ್ಲ. ಆದರೆ ಅಧಿಕಾರದಲ್ಲಿ ಇರುವವರಿಗೆ ಸಂಬಂಧಿಸಿದ ಟ್ರಸ್ಟು, ಅವರ ಮುಂದೆ ಫೈಲು ಇಟ್ಟವರಿಂದ ದೇಣಿಗೆ ತಗೊಳ್ಳಲೇಬಾರದು ಅನ್ನುವ ಸರಳ ನಿಯಮ ನಮಗೆ ಯಾಕೆ ಇಲ್ಲ? ಕೆಂಪು ಧೂಳು ಕುಡಿದ ಊರಿನ ಬಸ್ ನಿಲ್ದಾಣಕ್ಕೆ ಕಂಪನಿ ಬೋರ್ಡ್ ಹಾಕಿ ಉಪಕಾರ ಮಾಡಿದ ಹಾಗೆ ನಿಲ್ಲುತ್ತಾರೆ. ಇದನ್ನು ನೋಡಿ ನೋಡಿ ನನಗೆ ಹೊಟ್ಟೆ ಉರಿಯುತ್ತದೆ.

ಕೊಪ್ಪಳದ ಗವಿಮಠದ ಜಾತ್ರೆಗೆ ನೀವೂ ರೊಟ್ಟಿ ಕಳಿಸಿರುತ್ತೀರಿ. ಹಳ್ಳಿ ಹಳ್ಳಿಯಿಂದ ಬಂದ ಲಕ್ಷಾಂತರ ರೊಟ್ಟಿಯಲ್ಲಿ ನಿಮ್ಮದು ಯಾವುದು ಅಂತ ಉಣ್ಣುವವನಿಗೆ ಗೊತ್ತಿರುವುದಿಲ್ಲ. ಅವನಿಂದ ನಿಮಗೆ ಆಗಬೇಕಾದ ಕೆಲಸವೂ ಇಲ್ಲ. ದಾಸೋಹ ಬೆಳೆದ ನೆಲದವರು ನೀವು, ದಾನ ಯಾವುದು ಅಂತ ನಾನು ಹೇಳಿಕೊಡಬೇಕಾ?

ಆ ಅಧಿಕಾರಿ ಮುಂದಿನ ಸಲ ಕೇಳಿದಾಗ, "ನಿಮ್ಮ ಟ್ರಸ್ಟಿಗೆ ಬೇಡ, ಅದೇ ದುಡ್ಡನ್ನು ಬೇರೆ ಊರಿನ ಸರ್ಕಾರಿ ಶಾಲೆಗೆ ಕೊಡ್ತೀನಿ" ಅನ್ನಿ. ಕಂಟೇನರ್ ಎಷ್ಟು ದಿನಕ್ಕೆ ಬಿಟ್ಟರು ಅಂತ ನಮಗೆ ಬರೆಯಿರಿ. ನಿಮ್ಮ ಹೆಸರು ಹಾಕದೆ ಪ್ರಕಟಿಸುತ್ತೇವೆ.